ಅಮೀರ್‌ಬಾಯಿ ಹಾಡಿದ ಪ್ಲೇಟು

ದಾವಣಗೆರೆ ಮಂಡಿಪೇಟೆಯಲ್ಲಿ ನನ್ನದು ಹಳೇ ರೇಡಿಯೊ, ಗ್ರಾಮೊಫೋನ್ ರಿಪೇರಿ ಅಂಗಡಿ. ಹರಿಹರದ ಗಿರಾಕಿಯೊಬ್ಬರು ತಂದ ಪ್ಲೇಟಿಗೆ ಹೊಸ ಪಿನ್ನು ಹಾಕಿ ಕೀಲಿ ಕೊಟ್ಟೆ. ಕರಕರ ಸದ್ದಿನ ನಡುವೆ ಹೆಣ್ಣುದನಿ ಎದ್ದಿತು.

‘ಯಾರ್ರೀ ಈಯಮ್ಮ?’

‘ಅಮೀರ್‌ಬಾಯಿ ಕರ್ನಾಟಕಿ. ನಮ್ಮ ಬೀಳಗಿಯವರು.’

ಅಕ್ಕ ಗೋಹರ್‌ಬಾಯಿಯೂ ಗಾಯಕಿ. ಅಮೀರ್‌ಬಾಯಿ ಹಾಡಿದ 1943ರ ‘ಕಿಸ್ಮತ್’ ಕಲ್ಕತ್ತೆಯ ಒಂದೇ ಟಾಕೀಸಿನಲ್ಲಿ ಮೂರು ವರ್ಷ ದಾಟಿ ಓಡಿತು. ಹೊರಗೆ ಹೆಸರು, ಮನೆಯಲ್ಲಿ ನರಕ. ಗಂಡ, ಖಳನಟ ಹಿಮಾಲಯವಾಲಾ ಹೊಡೆಯುತ್ತಿದ್ದ, ದುಡಿಮೆಯನ್ನೂ ಕಿತ್ತುಕೊಳ್ಳುತ್ತಿದ್ದ. ಆತನಿಂದ ಬಿಡುಗಡೆ ಪಡೆದರೂ, ಲತಾ ಯುಗ ಶುರುವಾದ ಮೇಲೆ ಹಾಡುವ ಅವಕಾಶ ಕಡಿಮೆಯಾಯಿತು. 1965ರಲ್ಲಿ ತೀರಿಕೊಂಡರು.

ರಹಮತ್ ತರೀಕೆರೆ ಕನ್ನಡದಲ್ಲಿ ಇವರ ಜೀವನಚರಿತ್ರೆ ಬರೆದಿದ್ದಾರೆ, ಓದಿ. ಅಟ್ಟದ ಮೇಲೆ ಇಂಥ ಪ್ಲೇಟಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ.