ಮೂರು ಕಿಲೊಮೀಟರ್ ಆಳಕ್ಕಿಳಿದವರಿಗೂ ಕಾಣದ್ದು

ಇಡೀ ಭೂಮಿಯಲ್ಲಿ ಒಂದೇ ಜಿಲ್ಲೆ, ಆ ಜಿಲ್ಲೆಯಲ್ಲಿ ಒಂದೇ ಊರು, ಆ ಊರಿನ ಬಂಡೆಯಲ್ಲೊಂದು ಗುಹೆ. ಅದನ್ನು ಬಿಟ್ಟರೆ ಬೇರೆಲ್ಲೂ ಇವತ್ತು ಕಾಣಸಿಗದ ಸಸ್ತನಿಯೊಂದಿದೆ ಎಂದರೆ ನಿಮ್ಮ ಮನಸ್ಸು ಅಮೆಜಾನಿಗೋ ಬೋರ್ನಿಯೊಗೋ ಹಾರುತ್ತದೆ, ಅಲ್ಲವೇ? ಅಷ್ಟು ದೂರ ಹೋಗಬೇಡಿ. ಜಿಲ್ಲೆ ಕೋಲಾರ, ಊರು ಹನುಮನಹಳ್ಳಿ, ಪ್ರಾಣಿಯ ಹೆಸರು ಕೋಲಾರ ಎಲೆಮೂಗಿನ ಬಾವಲಿ! ಬತ್ತಿದ ಬೋರ್‌ವೆಲ್, ಟೊಮೆಟೊ ಮಂಡಿ, ಬೀಗ ಬಿದ್ದ ಗಣಿ ಎಂದು ನಾವು ಷರಾ ಬರೆದು ಮುಚ್ಚಿಟ್ಟ ಅದೇ ಕೋಲಾರ.

ಈ ನೆಲದೊಳಗೆ ಮನುಷ್ಯ ಹುಡುಕದೆ ಬಿಟ್ಟಿದ್ದೇನು? 1880ರಲ್ಲಿ ಕೋಲಾರ ಚಿನ್ನದ ಗಣಿ ಪ್ರದೇಶಕ್ಕೆ (ಕೆಜಿಎಫ್) ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ ಮೈಸೂರು ಮೈನ್ಸ್, ಊರಿಗಾಂ, ನಂದಿದುರ್ಗ, ಚಾಂಪಿಯನ್ ರೀಫ್ ಎಲ್ಲವೂ ಪೈಪೋಟಿಗೆ ಬಿದ್ದು ಪಾತಾಳಕ್ಕಿಳಿದವು. ಚಾಂಪಿಯನ್ ರೀಫ್ ಮೂರು ಕಿಲೊಮೀಟರ್ ಆಳವನ್ನೂ ದಾಟಿತು. 1965ರಲ್ಲಂತೂ ಅದೇ ಗಣಿಯಲ್ಲಿ, ಎರಡು ಕಿಲೊಮೀಟರಿಗೂ ಹೆಚ್ಚು ಕೆಳಗೆ, ಕಾಸ್ಮಿಕ್ ಕಿರಣಗಳಿಂದ ಹುಟ್ಟಿ ಇಡೀ ಭೂಮಿಯನ್ನೇ ತೂರಿಹೋಗಬಲ್ಲ ನ್ಯೂಟ್ರಿನೊದ ಸುಳಿವನ್ನು ನಮ್ಮ ವಿಜ್ಞಾನಿಗಳು ಜಪಾನ್, ಬ್ರಿಟನ್ನಿನವರ ಜೊತೆಗೂಡಿ ಹಿಡಿದರು. ಕಣ್ಣಿಗೆ ಕಾಣದ ಕಣ ಸಿಕ್ಕಿತು. ರೆಕ್ಕೆ ಬಡಿದು ಹಾರಾಡುವ ಪ್ರಾಣಿ ಮಾತ್ರ ಇನ್ನೂ ಮೂರು ದಶಕ ಹೆಸರಿಲ್ಲದೆ ತೂಗಾಡುತ್ತಿತ್ತು! ಜರ್ಮನಿಯ ಡೀಟರ್ ಕಾಕ್ ಮತ್ತು ನಮ್ಮವರಾದ ಎಚ್.ಆರ್. ಭಟ್ ಸೇರಿ, ಇದು ಬೇರೆಯದೇ ಪ್ರಭೇದ ಎಂದು 1994ರಲ್ಲಿ ಜಗತ್ತಿಗೆ ತಿಳಿಸಿದರು.

ಮುಚ್ಚಿದ ಅಂಗೈಯೊಳಗೆ ಅಡಗಿಹೋಗುವಷ್ಟು ಪುಟ್ಟ ಜೀವ. ಮೂತಿಯ ಮೇಲೆ ಎಲೆ ಮಡಿಸಿಟ್ಟಂಥ ತೊಗಲಿನ ಪದರಗಳು. ಸಂಜೆ ಹುಳು ಹಿಡಿಯಲು ಹೊರಟರೆ ಇದು ಕೂಗುವುದು ಬಾಯಿಂದಲ್ಲ, ಮೂಗಿನಿಂದ! ಆ ಮಡಿಕೆಗಳೇ ದನಿಯನ್ನು ಒಂದೆಡೆ ಕೂಡಿಸಿ ಮುಂದಕ್ಕೆ ಎಸೆಯುತ್ತವೆ, ಮರಳಿ ಬರುವ ಪ್ರತಿಧ್ವನಿ ಹುಳು ಎಲ್ಲಿದೆ, ಕೊಂಬೆ ಎಲ್ಲಿದೆ ಎಂದು ಕತ್ತಲಲ್ಲೇ ಚಿತ್ರ ಬರೆದುಕೊಡುತ್ತದೆ. 20,000 ಹರ್ಟ್ಸ್ ಹತ್ತಿರ ನಮ್ಮ ಕಿವಿ ಕೈಚೆಲ್ಲುತ್ತದೆ, ಇದರ ದನಿ ಅದರ ಸುಮಾರು ಐದು ಪಟ್ಟು ಮೇಲಿನದು. ಗುಹೆ ಇದೊಂದರದ್ದೇ ಅಲ್ಲ. ಎಲೆಮೂಗಿನ ಬೇರೆ ಬಾವಲಿಗಳೂ ಅಲ್ಲೇ ನೇತಾಡುತ್ತವೆ, ಒಂದೊಂದು ಜಾತಿಗೂ ಒಂದೊಂದು ಶ್ರುತಿ. ಒಂದೇ ಮಂಟಪದಲ್ಲಿ ನಾಲ್ಕು ಕಚೇರಿ ಏಕಕಾಲಕ್ಕೆ ನಡೆದರೂ ಯಾರ ತಾಳವೂ ತಪ್ಪದಂತೆ. ಬಂಡೆಯ ಬುಡದಲ್ಲಿ ನಿಂತ ನಮಗೆ ಮಾತ್ರ ನಿಶ್ಶಬ್ದ.

ಒಟ್ಟು ಸಂಖ್ಯೆ ಇನ್ನೂರಕ್ಕೂ ಕಡಿಮೆ ಎಂಬುದು ಅಂದಾಜು. ಹಿಂದೆ ಇದೇ ಜಿಲ್ಲೆಯ ತೇರಹಳ್ಳಿಯಲ್ಲೂ ಇದ್ದವು, ಆಮೇಲೆ ಹುಡುಕಿದವರಿಗೆ ಸಿಗಲಿಲ್ಲ. ಉಸ್ಮಾನಿಯಾ ವಿಶ್ವವಿದ್ಯಾಲಯದ ಭಾರ್ಗವಿ ಶ್ರೀನಿವಾಸುಲು ಮತ್ತು ಚೆಲ್ಮಲ ಶ್ರೀನಿವಾಸುಲು ಅವರ ಅಧ್ಯಯನಗಳು ಈ ಬಾವಲಿಯ ಸ್ಥಿತಿಯನ್ನು ಹೊರಗೆಡವಿದವು. ಕಳ್ಳತನದ ಕಲ್ಲುಕ್ವಾರಿ ಹನುಮನಹಳ್ಳಿಗೂ ಬಂದಿತ್ತು. ಕೋಲಾರದ ಗ್ರಾನೈಟಿಗೆ ಬೆಲೆಯಿದೆ, ಅದರ ಹೊಟ್ಟೆಯೊಳಗೆ ಯಾರು ಮಲಗಿದ್ದಾರೆಂದು ಸಿಡಿಮದ್ದು ಕೇಳುವುದಿಲ್ಲವಲ್ಲ. ಅದೃಷ್ಟಕ್ಕೆ ಭಾರತೀಯ ಬಾವಲಿ ಸಂರಕ್ಷಣಾ ಟ್ರಸ್ಟ್ ಮತ್ತು ಅರಣ್ಯ ಇಲಾಖೆ ಕೈಜೋಡಿಸಿದವು, ಗುಹೆಯ ಸುತ್ತಲಿನ 30 ಎಕರೆಗೆ ರಕ್ಷಣೆ ಸಿಕ್ಕಿತು. ಒಂದು ಪ್ರಭೇದದ ಇಡೀ ಸಂಸಾರ, ನಮ್ಮಲ್ಲಿ ದೊಡ್ಡ ಹಿಡುವಳಿದಾರನೊಬ್ಬನ ಮಾವಿನ ತೋಟದಷ್ಟು ಜಾಗದಲ್ಲಿ! ಆದರೆ ಬಾವಲಿಗೆ ಸರ್ವೆ ನಂಬರ್ ಗೊತ್ತಿಲ್ಲ. ಅದು ಉಣ್ಣುವ ಹುಳು ಬೇಲಿಯಾಚೆಯ ಕುರುಚಲಲ್ಲೂ ಇದೆ. ಆ ಕುರುಚಲು ಹೋದರೆ ಗುಹೆಗೆ ಹಾಕಿದ ಕಾವಲು ಖಾಲಿ ಪೆಟ್ಟಿಗೆಗೆ ಹಾಕಿದ ಬೀಗವೇ ಸರಿ.

ಅಚ್ಚರಿ ಇಲ್ಲಿಗೆ ಮುಗಿಯಿತೆಂದುಕೊಂಡರೆ ಬಂಗಾರಪೇಟೆ ದಾಟಿ ತೆಂಕಣಕ್ಕೆ ನಡೆಯಿರಿ. ಹೈದರಾಲಿ ಹುಟ್ಟಿದ ಊರೆನ್ನುವ ಬೂದಿಕೋಟೆ, ಅದರಾಚೆ ಕಾಮಸಮುದ್ರದ ಕಾಡು. ತಮಿಳುನಾಡು ಅತ್ತ, ಆಂಧ್ರ ಇತ್ತ. ಈ ಒಣ ಕಾಡಿಗೆ ಆನೆ ಬರುತ್ತದೆ! ಪಕ್ಕದ ಆಂಧ್ರದ ಚಿತ್ತೂರು ಸೀಮೆಯಲ್ಲಿ ಸುಮಾರು ಇನ್ನೂರು ವರ್ಷ ಆನೆಯ ಸುಳಿವೇ ಇರಲಿಲ್ಲ. 1980ರ ದಶಕದಲ್ಲಿ ಹೊಸೂರಿನ ಕಡೆಯಿಂದ ಹಿಂಡುಗಳು ನಡೆದು ಬಂದು ನೆಲೆಯೂರಿದವು, ಅವಕ್ಕಾಗಿಯೇ 1990ರಲ್ಲಿ ಕೌಂಡಿನ್ಯ ವನ್ಯಜೀವಿಧಾಮ ಹುಟ್ಟಿತು. ಗಡಿಯ ಈಚೆ ಕಾಮಸಮುದ್ರದ ಸುತ್ತಲಿನ ಅರಣ್ಯಕ್ಕೂ ಈಗ ವನ್ಯಜೀವಿಧಾಮದ ಪಟ್ಟವಿದೆ. ಕಾಡಂಚಿನ ರೈತರಿಗೆ ಇದು ಸಂಭ್ರಮದ ಸುದ್ದಿಯೇನಲ್ಲ. ಒಂದು ರಾತ್ರಿಯಲ್ಲಿ ರಾಗಿ ಹೊಲ ನೆಲಸಮವಾಗುತ್ತದೆ, ಜೀವಗಳೂ ಹೋಗಿವೆ. ಅವರ ಸಿಟ್ಟು ನ್ಯಾಯವಾದದ್ದೇ. ಆದರೂ ಕಾಡಿನ ಅಂಚು ಉಳುಮೆಗೆ ಸರಿದಷ್ಟೂ ಆನೆಗೆ ನಡೆಯಲು ಉಳಿಯುವುದು ಹೊಲವೊಂದೇ, ಹಾಗಾಗಿ ಒತ್ತುವರಿಯ ಏಟು ಕೊನೆಗೆ ಬೀಳುವುದು ಒತ್ತುವರಿ ಮಾಡದ ಸಣ್ಣ ರೈತನ ಮೇಲೆ. 2023ರಲ್ಲಿ ಶ್ರೀನಿವಾಸಪುರದ ಕಡೆ ಜೆಸಿಬಿಗಳು ಅರಣ್ಯದ ಜಾಗದಲ್ಲಿ ಬೆಳೆದು ನಿಂತ ಮಾವಿನ ಮರಗಳನ್ನು ಕಿತ್ತಾಗ ಎದ್ದ ಗಲಾಟೆ ಇನ್ನೂ ನೆನಪಿದೆ. ಗಡಿಕಲ್ಲು ಮೊದಲೇ ನೆಟ್ಟಿದ್ದರೆ ಮರವೂ ಬೆಳೆಯುತ್ತಿರಲಿಲ್ಲ, ಕಣ್ಣೀರೂ ಬರುತ್ತಿರಲಿಲ್ಲ ಎಂಬುದು ನನ್ನ ಪಕ್ಕಾ ಅಭಿಪ್ರಾಯ.

ಈಗ ಬಾವಲಿಗೆ ಮರಳಿ, ಈ ಜಿಲ್ಲೆಯ ಬೆಟ್ಟಗಳನ್ನೊಮ್ಮೆ ನೋಡಿ. ಅಂತರಗಂಗೆ, ತೇರಹಳ್ಳಿ, ಆವಣಿ, ಕುರುಡುಮಲೆಯ ಸುತ್ತಮುತ್ತ ಬಂಡೆಯ ಮೇಲೆ ಬಂಡೆ, ನಡುವೆ ಲೆಕ್ಕವಿಲ್ಲದ ಸಂದು, ಪೊಟರೆ, ಗವಿ! ಬಾವಲಿಯ ದನಿಯನ್ನು ನಮ್ಮ ಕಿವಿಗೆ ಇಳಿಸಿಕೊಡುವ ಡಿಟೆಕ್ಟರ್ ಈಗ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಕೋಲಾರದ, ಕೆಜಿಎಫ್‌ನ ಕಾಲೇಜು ಹುಡುಗ ಹುಡುಗಿಯರು ಅದನ್ನು ಹಿಡಿದು, ಗುಹೆಯ ಒಳಗೆ ಕಾಲಿಡದೆ, ಮುಸ್ಸಂಜೆಗೆ ಒಂದೊಂದು ಗವಿಯ ಬಾಯಲ್ಲೂ ನಿಂತು ಕೇಳಲಿ. ಕ್ವಾರಿಯ ಲೈಸೆನ್ಸಿಗೆ ಮುಂದಿನ ಅರ್ಜಿ ಬೀಳುವ ಮುಂಚೆ ಕೇಳಲಿ. ಹನುಮನಹಳ್ಳಿಯದೇ ಶ್ರುತಿ ಇನ್ನೊಂದು ಬೆಟ್ಟದಲ್ಲೂ ಕೇಳಿಬಿಟ್ಟರೆ?