ಸವಳು ನೀರು ಮತ್ತು ಸ್ಲ್ಯಾಬಿನೊಳಗಿನ ತುಕ್ಕು



2024ರ ಆಗಸ್ಟ್ 7ರಂದು ಕಾರವಾರದ ಕಾಳಿ ನದಿಯ ಹಳೇ ಸೇತುವೆ ಕುಸಿದದ್ದು ನೆನಪಿದೆಯಲ್ಲ? ಅದರ ಕಾರಣ ಏನೇ ಇರಲಿ, ಕಡಲತೀರದ ಕಾಂಕ್ರೀಟಿಗೆ ಉಪ್ಪು ದೊಡ್ಡ ವೈರಿ. ಶಿರಗುಪ್ಪಿಯಲ್ಲಿ ಕಡಲಿಲ್ಲ, ನಮಗೇನು ಅಂತೀರಾ? ಬೋರಿನ ಸವಳು ನೀರಲ್ಲೂ ಉಪ್ಪು ಇರ್ತದೆ.

ಸಿಮೆಂಟಿನ ಕ್ಷಾರಗುಣ ಕಬ್ಬಿಣದ ಸರಳಿಗೆ ತೆಳುವಾದ ರಕ್ಷಾಕವಚ ಕಟ್ಟುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಅದನ್ನು ಒಡೆಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಹಿಡಿದು ಉಬ್ಬುತ್ತದೆ. ಸ್ಲ್ಯಾಬ್ ಬಿರಿದು ಉದುರುತ್ತದೆ.

ಸಂಘದ ಸಾಲದಲ್ಲಿ ಮನೆ ಕಟ್ಟುವವರು ಗಮನಿಸಿ:

• ನೀರು ಪರೀಕ್ಷೆ ಮಾಡಿಸಿ. ಲೀಟರಿಗೆ 500 ಮಿಲಿಗ್ರಾಂಗಿಂತ ಹೆಚ್ಚು ಕ್ಲೋರೈಡ್ ಇದ್ದರೆ ಆರ್.ಸಿ.ಸಿ.ಗೆ ಬೇಡ.
• ಸರಳಿನ ಕೆಳಗೆ ಕನಿಷ್ಠ 20 ಮಿ.ಮೀ. ಕವರ್ ಬ್ಲಾಕ್ ಇಡುವಂತೆ ಗೌಂಡಿಗೆ ಹೇಳಿ.
• ಕ್ಯೂರಿಂಗಿಗೂ ಸಿಹಿನೀರನ್ನೇ ಹಾಕಿ.

ಸಾಲ ತೀರುವ ಮೊದಲೇ ಸೂರು ಉದುರಬಾರದಲ್ಲವೇ?