ಡೊಂಬಿವಲಿಯ ಡೆಮ್ಲೊ
ಡೊಂಬಿವಲಿ ಲೋಕಲ್ ಹಿಡಿಯೋರೇ, ನಿಮ್ಮ ಸ್ಟೇಷನ್ ಹೆಸರಲ್ಲಿ ಸಂಖ್ಯೆಗಳ ಒಂದು ಕುಲವೇ ಇದೆ, ಗೊತ್ತಾ? ಡೆಮ್ಲೊ ಸಂಖ್ಯೆಗಳು. ಡೆಮ್ಲೊ ಅನ್ನೋದು ಆ ಸ್ಟೇಷನ್ನಿನ ಹಳೇ ಹೆಸರಂತೆ. 1905ರಲ್ಲಿ ಡಹಾಣುವಿನಲ್ಲಿ ಹುಟ್ಟಿ, ದೇವಳಾಲಿಯಲ್ಲಿ ಶಾಲೆ ಮೇಷ್ಟ್ರಾಗಿದ್ದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಅವರಿಗೆ ಈ ಸಂಖ್ಯೆಗಳ ಯೋಚನೆ ಹೊಳೆದದ್ದು ಆ ಸ್ಟೇಷನ್ನಿನಲ್ಲೇ.

ಒಂಬತ್ತು ಸಲ ಒಂದು ಬರೀರಿ: 111111111. ಅದನ್ನು ಅದರಿಂದಲೇ ಗುಣಿಸಿ. ಬಂತು ನೋಡಿ ಒಂದು ಡೆಮ್ಲೊ ಸಂಖ್ಯೆ, 12345678987654321! ಹದಿನೇಳು ಅಂಕಿ, ನೂರಿಪ್ಪತ್ಮೂರು ಕೋಟಿ ಕೋಟಿಗೂ ಜಾಸ್ತಿ. ಹಿಂದಿನಿಂದ ಓದಿದರೂ ಅದೇ.

ಈಗ ಅಂಕಿಗಳನ್ನೆಲ್ಲ ಕೂಡಿಸಿ. 81. ಆ 81ರಿಂದ ಇಡೀ ಸಂಖ್ಯೆ ಶೇಷ ಉಳಿಯದೆ ಭಾಗವಾಗುತ್ತೆ. ಇಂಥವಕ್ಕೆ ಹರ್ಷದ್ ಸಂಖ್ಯೆ ಅಂತ ಹೆಸರಿಟ್ಟವರೂ ಇದೇ ಮೇಷ್ಟ್ರು. ಭಾಗಿಸಿದಾಗ ಸಿಗೋದು 12345679ರ ವರ್ಗ. ಎಂಟು ಮಾತ್ರ ನಾಪತ್ತೆ! ನನಗಂತೂ ಎಲ್ಲಕ್ಕಿಂತ ಮಜಾ ಅನಿಸಿದ್ದು ಇದೇ.

ಒಡೆದು ನೋಡಿದರೆ ಒಳಗಿರೋ ಅವಿಭಾಜ್ಯಗಳು ಮೂರೇ: 3, 37, 333667. ಭಾಜಕಗಳು ಒಟ್ಟು 45. ತನ್ನನ್ನು ಬಿಟ್ಟು ಮಿಕ್ಕ ಭಾಜಕಗಳನ್ನು ಕೂಡಿಸಿದರೆ ಈ ಸಂಖ್ಯೆಯ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಮೊತ್ತ ಸಂಖ್ಯೆಗಿಂತ ಕಮ್ಮಿ, ಹಾಗಾಗಿ ಇದು ನ್ಯೂನ ಸಂಖ್ಯೆಗಳ ಪಂಗಡ.

ಇನ್ನೊಂದು ಒಂದು ಸೇರಿಸಿ, ಹತ್ತು ಒಂದುಗಳ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ? ದಶಕ ಮುಂದಕ್ಕೆ ಹೋಗಿ ಸಾಲು ಕೆಡುತ್ತೆ: 1234567900987654321.